ಹೊಸ ಕಾರಿನ ಬಣ್ಣ: ನೋಡಬೇಕಾದದ್ದು, ಕೇಳಬೇಕಾದದ್ದು

1990ರ ಜನವರಿಯಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವೈದ್ಯರೊಬ್ಬರು ಬಿಎಂಡಬ್ಲ್ಯು ಕಂಪೆನಿಯ ಕಪ್ಪು ಬಣ್ಣದ ಹೊಸ ಕಾರೊಂದನ್ನು ಕೊಂಡರು. ಅಧಿಕೃತ ಮಾರಾಟಗಾರನ ಮಳಿಗೆಯಲ್ಲೇ ಕೊಂಡದ್ದು. ಕೊಟ್ಟ ಬೆಲೆ 40,750 ಡಾಲರ್ 88 ಸೆಂಟ್. ಒಂಬತ್ತು ತಿಂಗಳು ಓಡಿಸಿದರೂ ಬಣ್ಣದಲ್ಲಿ ಯಾವ ಕುಂದೂ ಅವರ ಕಣ್ಣಿಗೆ ಬೀಳಲಿಲ್ಲ. ಕಾರು ಇನ್ನಷ್ಟು ಥಳಥಳಿಸಲಿ ಎಂದು ಪಾಲಿಶ್ ಮಾಡುವವನೊಬ್ಬನ ಬಳಿ ಒಯ್ದಾಗ ಗುಟ್ಟು ಹೊರಬಿತ್ತು. ಆ ಕಾರಿಗೆ ಎರಡನೆಯ ಸಲ ಬಣ್ಣ ಹೊಡೆಯಲಾಗಿತ್ತು!

ವೈದ್ಯರು ನ್ಯಾಯಾಲಯಕ್ಕೆ ಹೋದರು. ಕಂಪೆನಿ ವಿಷಯವನ್ನು ಅಲ್ಲಗಳೆಯಲಿಲ್ಲ. ತಯಾರಿಕೆಯಲ್ಲೋ ಸಾಗಣೆಯಲ್ಲೋ ಹಾನಿಗೊಳಗಾದ ಕಾರುಗಳ ಬಗ್ಗೆ ಅದು 1983ರಿಂದ ಒಂದು ನಿಯಮ ಪಾಲಿಸುತ್ತಿತ್ತು. ರಿಪೇರಿಯ ಖರ್ಚು ಕಾರಿನ ನಿಗದಿತ ಬೆಲೆಯ ಶೇಕಡ 3ನ್ನು ಮೀರಿದರೆ ಆ ಕಾರನ್ನು ಕೆಲಕಾಲ ಕಂಪೆನಿಯ ಕೆಲಸಕ್ಕೆ ಬಳಸಿ, ಬಳಿಕ ಬಳಸಿದ ಕಾರೆಂದೇ ಮಾರುವುದು. ಮೀರದಿದ್ದರೆ ರಿಪೇರಿ ಮಾಡಿ ಹೊಸದೆಂದು ಮಾರುವುದು. ಎರಡನೆಯ ಬಗೆಯ ಕಾರುಗಳ ರಿಪೇರಿಯ ಸುದ್ದಿಯನ್ನು ಮಾರಾಟಗಾರನಿಗೂ ತಿಳಿಸುತ್ತಿರಲಿಲ್ಲ. ಜರ್ಮನಿಯಿಂದ ಬರುವ ದಾರಿಯಲ್ಲಿ ಆಮ್ಲಮಳೆಗೆ ಸಿಕ್ಕಿ ವೈದ್ಯರ ಕಾರಿನ ಬಣ್ಣ ಕೆಟ್ಟಿರಬೇಕು ಎಂದು ಎರಡೂ ಪಕ್ಷದವರು ಭಾವಿಸಿದ್ದರು. ಮತ್ತೆ ಬಣ್ಣ ಹೊಡೆಯಲು ತಗುಲಿದ್ದು 601 ಡಾಲರ್ 37 ಸೆಂಟ್, ಅಂದರೆ ಬೆಲೆಯ ಸುಮಾರು ಶೇಕಡ 1.5 ಮಾತ್ರ.

ಕಣ್ಣಿಗೇ ಕಾಣದ ಕುಂದಿನಿಂದ ನಷ್ಟವೆಲ್ಲಿಯದು? ಮರುಬಣ್ಣ ಕಂಡ ಕಾರಿನ ಬೆಲೆ ಹೊಸದಕ್ಕಿಂತ ಸುಮಾರು ಶೇಕಡ 10 ಕಡಿಮೆ ಎಂದು ಹಿಂದೆ ಅದೇ ಕಾರುಗಳನ್ನು ಮಾರುತ್ತಿದ್ದವರೊಬ್ಬರು ಸಾಕ್ಷಿ ಹೇಳಿದರು. ಜ್ಯೂರಿ 4,000 ಡಾಲರ್ ನಷ್ಟ ಪರಿಹಾರದ ಜೊತೆಗೆ 40 ಲಕ್ಷ ಡಾಲರ್ ದಂಡರೂಪದ ಪರಿಹಾರವನ್ನೂ ವಿಧಿಸಿತು. ಅಲಬಾಮಾದ ಸರ್ವೋಚ್ಚ ನ್ಯಾಯಾಲಯ ದಂಡವನ್ನು 20 ಲಕ್ಷಕ್ಕೆ ಇಳಿಸಿತು. ಅದೂ ಅತಿಯಾಯಿತೆಂದು ಅಮೆರಿಕದ ಸುಪ್ರೀಂ ಕೋರ್ಟ್ 1996ರ ಮೇ 20ರಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳು ಆ ಕಡೆ, ನಾಲ್ವರು ಈ ಕಡೆ. ಕೊನೆಗೆ 1997ರಲ್ಲಿ ಅಲಬಾಮಾದ ನ್ಯಾಯಾಲಯ ಅದನ್ನು 50,000 ಡಾಲರ್‌ಗೆ ತಂದಿತು. ‘ಬಿಎಂಡಬ್ಲ್ಯು ವಿರುದ್ಧ ಗೋರ್’ ಎಂಬ ಈ ಪ್ರಕರಣ ಕಾನೂನು ವಿದ್ಯಾರ್ಥಿಗಳಿಗೆ ಪರಿಚಿತ. ಜ್ಯೂರಿಯ ತೀರ್ಮಾನ ಹೊರಬಿದ್ದ ಐದೇ ದಿನಗಳಲ್ಲಿ ಕಂಪೆನಿ ತನ್ನ ನಿಯಮ ಬದಲಿಸಿ, ಎಷ್ಟೇ ಸಣ್ಣ ರಿಪೇರಿಯಾದರೂ ತಿಳಿಸುವುದೆಂದು ನಿರ್ಧರಿಸಿತು.

ಹೊಸ ಕಾರು ಕೊಳ್ಳುವ ಯಾವ ಊರಿನ ಕುಟುಂಬಕ್ಕೂ ಇದರಲ್ಲಿ ಒಂದು ಪಾಠವಿದೆ. ಬಣ್ಣದ ಕೆಲವು ಕುಂದುಗಳು ಕಣ್ಣಿಗೆ ಕಾಣುತ್ತವೆ; ಅವನ್ನು ನೋಡಬೇಕು. ಕೆಲವು ಕಾಣುವುದಿಲ್ಲ, ಅವನ್ನು ಕೇಳಬೇಕು. ಎರಡನ್ನೂ ಸಹಿ ಹಾಕುವ ಮೊದಲೇ ಮಾಡಬೇಕು.

ಎರಡು ಕೂದಲಿನ ದಪ್ಪ

ಇಷ್ಟೆಲ್ಲ ರಂಪಕ್ಕೆ ಕಾರಣವಾದ ಆ ಬಣ್ಣದ ದಪ್ಪವಾದರೂ ಎಷ್ಟು? ಕಾರ್ಖಾನೆಯಿಂದ ಬಂದ ಕಾರಿನ ಮೇಲಿನ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ಇರುವುದರಿಂದ, ಕಾರಿನ ಬಣ್ಣ ಹೆಚ್ಚೆಂದರೆ ಎರಡು ಕೂದಲಿನಷ್ಟು ದಪ್ಪ.

ಈ ತೆಳುವಾದ ಚರ್ಮದಲ್ಲಿ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ಉಕ್ಕಿನ ಮೈಯನ್ನು ತೊಳೆದು, ಅದರ ಮೇಲೆ ಫಾಸ್ಫೇಟಿನ ಲೇಪ ಕೊಟ್ಟು, ಬಣ್ಣದ ದೊಡ್ಡ ತೊಟ್ಟಿಯಲ್ಲಿ ಇಡೀ ಮೈಯನ್ನು ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಬಣ್ಣದ ಕಣಗಳು ಲೋಹದತ್ತ ಸಾಗಿ, ಕೈಗೆ ಎಟುಕದ ಸಂದುಗೊಂದುಗಳಲ್ಲೂ ಅಂಟಿಕೊಳ್ಳುತ್ತವೆ. ಪ್ರೌಢಶಾಲೆಯಲ್ಲಿ ವಿದ್ಯುಲ್ಲೇಪನ ಓದಿದ ಮಕ್ಕಳಿಗೆ ಇದು ಹೊಸತೆನಿಸದು. ಸುಮಾರು 20 ಮೈಕ್ರಾನಿನ ಈ ಪದರವೇ ತುಕ್ಕಿಗೆ ಮುಖ್ಯ ತಡೆ. ಅದರ ಮೇಲೆ ಪ್ರೈಮರ್, ಬಳಿಕ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಹೊಳಪು ಕೊಡುವುದೂ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಈ ಕೊನೆಯ ಪದರದ ಕೆಲಸ.

ಇಲ್ಲಿ ಮುಖ್ಯವಾದ ಮಾತೊಂದಿದೆ. ಕಾರ್ಖಾನೆಯಲ್ಲಿ ಈ ಪದರಗಳನ್ನು ಒಲೆಯಲ್ಲಿ ಸುಡುತ್ತಾರೆ. ಮೊದಲ ಪದರಕ್ಕೆ ಸುಮಾರು 160ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಗ ಕಾರು ಬರಿಯ ಲೋಹದ ಗೂಡು. ಪೂರ್ತಿ ಜೋಡಿಸಿದ ಕಾರನ್ನು ಅಷ್ಟು ಶಾಖಕ್ಕೆ ಒಡ್ಡಿದರೆ ರಬ್ಬರು, ಪ್ಲಾಸ್ಟಿಕ್ಕು, ತಂತಿಗಳ ಗತಿಯೇನು? ಆದ್ದರಿಂದ ವರ್ಕ್‌ಷಾಪಿನಲ್ಲಿ ಬೇರೆ ಬಗೆಯ ಬಣ್ಣ ಹೊಡೆದು, ಸುಮಾರು 60 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಒಳ್ಳೆಯ ಕೆಲಸಗಾರ ಮಾಡಿದರೆ ಅದೂ ಚೆನ್ನಾಗಿಯೇ ಬಾಳುತ್ತದೆ. ಆದರೆ ಅದು ಕಾರ್ಖಾನೆಯ ಬಣ್ಣವಲ್ಲ.

ಕುಂದು ಬೇರೆ, ಕುರುಹು ಬೇರೆ

ಹೊಸ ಕಾರಿನ ಮೇಲೆ ಕಾಣಬಹುದಾದವನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು ಕಾರ್ಖಾನೆಯಲ್ಲೇ ಹುಟ್ಟಿದ ಕುಂದುಗಳು. ಬಣ್ಣ ಒಣಗುವ ಮುನ್ನ ಧೂಳು ಕೂತರೆ ಸಾಸಿವೆಗಿಂತ ಸಣ್ಣ ಗುಳ್ಳೆ. ಲೋಹದ ಮೇಲೆ ಎಣ್ಣೆಯ ಅಥವಾ ಸಿಲಿಕೋನಿನ ಅಂಶವಿದ್ದರೆ ಬಣ್ಣ ಅಲ್ಲಿ ಸರಿದು ಪುಟ್ಟ ಕುಳಿ. ಬಣ್ಣ ಹೆಚ್ಚಾದರೆ ಮೇಣದಬತ್ತಿಯ ಮೇಣ ಇಳಿದಂತೆ ಗೆರೆ. ಮೇಲ್ಮೈ ಕಿತ್ತಳೆಯ ಸಿಪ್ಪೆಯಂತೆ ಕಾಣುವುದು ಇನ್ನೊಂದು. ಇದು ಸ್ವಲ್ಪಮಟ್ಟಿಗೆ ಬಹುತೇಕ ಎಲ್ಲ ಕಾರುಗಳಲ್ಲೂ ಇರುತ್ತದೆ. ಇಡೀ ಕಾರಿನಲ್ಲಿ ಒಂದೇ ಸಮ ಇದ್ದರೆ ಗಾಬರಿ ಬೇಡ. ಒಂದು ಬಾಗಿಲಿನಲ್ಲಿ ಮಾತ್ರ ಬೇರೆಯಾಗಿದ್ದರೆ ಗಮನಿಸಬೇಕು.

ಎರಡನೆಯದು ಸಾಗಣೆ ಮತ್ತು ನಿಲುಗಡೆಯಲ್ಲಿ ಆದವು. ಬಯಲಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಮೇಲೆ ಹಕ್ಕಿಯ ಹಿಕ್ಕೆ ಬಿಟ್ಟ ಮಾಸಲು ಗುರುತು, ರೈಲುಹಳಿಯ ಬಳಿ ಹಾರಿಬಂದ ಕಬ್ಬಿಣದ ಪುಡಿ ತುಕ್ಕು ಹಿಡಿದು ಆದ ಕಿತ್ತಳೆ ಚುಕ್ಕಿ, ಕೊಳೆ ಬಟ್ಟೆಯಿಂದ ಒರೆಸಿದ್ದರಿಂದ ಬಿದ್ದ ಜೇಡರಬಲೆಯಂಥ ಗೀರು, ಬಾಗಿಲಿನ ಅಂಚಿನಲ್ಲಿ ಎದ್ದ ಚಕ್ಕೆ.

ಮೂರನೆಯದು ಹಿಂದೆ ನಡೆದ ರಿಪೇರಿಯ ಕುರುಹುಗಳು. ಕಿಟಕಿಯ ರಬ್ಬರಿನ ಮೇಲೆ ಬಣ್ಣದ ಸಿಂಪಡಿಕೆ, ಬಾಗಿಲು ತೆರೆದಾಗ ಒಳಅಂಚಿನಲ್ಲಿ ಟೇಪು ಅಂಟಿಸಿ ಕಿತ್ತಂತೆ ಕಾಣುವ ಗೆರೆ, ಬಾನೆಟ್ಟಿನ ಕೀಲಿನ ಬೋಲ್ಟುಗಳ ತಲೆಯಲ್ಲಿ ಸ್ಪ್ಯಾನರ್ ತಾಗಿ ಒಡೆದ ಬಣ್ಣ. ಇವು ಅಂದಚೆಂದದ ಪ್ರಶ್ನೆಯಲ್ಲ. ಕಾರಿನ ಚರಿತ್ರೆಯ ಪ್ರಶ್ನೆ.

ಒಂದು ಎಚ್ಚರಿಕೆಯೂ ಬೇಕು. ಬಂಪರಿನ ಬಣ್ಣ ಪಕ್ಕದ ಲೋಹದ ಬಣ್ಣಕ್ಕೆ ಪೂರ್ತಿ ಹೊಂದದಿರುವುದುಂಟು. ಬಂಪರು ಪ್ಲಾಸ್ಟಿಕ್ಕಿನದು, ಅನೇಕ ವೇಳೆ ಅದಕ್ಕೆ ಬೇರೆಯಾಗಿ ಬಣ್ಣ ಹೊಡೆದಿರುತ್ತಾರೆ. ಅದರಲ್ಲೂ ಮಿನುಗುವ ಬಣ್ಣಗಳಲ್ಲಿರುವ ಅಲ್ಯೂಮಿನಿಯಮ್ಮಿನ ಸಣ್ಣ ಚಕ್ಕೆಗಳು ಮಲಗುವ ರೀತಿ ಬದಲಾದರೆ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಇಷ್ಟರಿಂದಲೇ ಮಾರಾಟಗಾರನ ಮೇಲೆ ಅನುಮಾನಪಡುವುದು ನ್ಯಾಯವಲ್ಲ.

ನೋಡುವ ಹೊತ್ತು, ನೋಡುವ ಬಗೆ

ಡೆಲಿವರಿಯ ದಿನ ಮನೆಮಂದಿಯೆಲ್ಲ ಸೇರಿರುತ್ತಾರೆ. ಕಾರಿಗೆ ಹೂವಿನ ಹಾರ, ಗಾಲಿಯಡಿ ನಿಂಬೆಹಣ್ಣು, ಕೈಯಲ್ಲಿ ಸಿಹಿ, ಮುಂದೆ ಕ್ಯಾಮೆರಾ. ರಾಹುಕಾಲಕ್ಕೆ ಮೊದಲು ಹೊರಡುವ ಅವಸರ ಬೇರೆ. ಬಣ್ಣ ನೋಡಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಅಷ್ಟೇ ಅಲ್ಲ, ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಈಗ ನಮ್ಮಲ್ಲಿ ಹೊಸ ಕಾರಿನ ನೋಂದಣಿ ಸಾಮಾನ್ಯವಾಗಿ ಮಾರಾಟಗಾರನ ಮೂಲಕವೇ ಆಗಿ, ನಂಬರ್ ಪ್ಲೇಟಿನೊಡನೆ ಕಾರು ಹೊರಬರುತ್ತದೆ. ಒಮ್ಮೆ ಹೆಸರಿಗೆ ನೋಂದಣಿಯಾದ ಕಾರನ್ನು ಮತ್ತೊಬ್ಬರಿಗೆ ಹೊಸದೆಂದು ಮಾರುವಂತಿಲ್ಲ. ಹೀಗಾಗಿ ಬೇರೆ ಕಾರು ಕೊಡಿ ಎಂದರೆ ಯಾವ ಮಾರಾಟಗಾರನೂ ಸುಲಭವಾಗಿ ಒಪ್ಪುವುದಿಲ್ಲ.

ಆದ್ದರಿಂದ ಚಾಸಿ ನಂಬರು ಗೊತ್ತಾದ ಕೂಡಲೇ, ಪೂರ್ತಿ ಹಣ ಕಟ್ಟುವ ಮತ್ತು ನೋಂದಣಿಗೆ ಕಳಿಸುವ ಮೊದಲು, ಮಾರಾಟಗಾರನ ಯಾರ್ಡಿಗೇ ಹೋಗಿ ಕಾರನ್ನು ನೋಡಬೇಕು. ನಂಬರು ಅದೇ ಹೌದೇ ಎಂದು ಮೊದಲು ತಾಳೆ ಹಾಕಬೇಕು. ಕಾರನ್ನು ತೊಳೆದು ಒಣಗಿಸಿರಬೇಕು. ನೀರಿನ ಹನಿಗಳೂ ಧೂಳೂ ಕುಂದನ್ನು ಮುಚ್ಚುತ್ತವೆ. ಸಾಗಣೆಗಾಗಿ ಅಂಟಿಸಿದ ಪ್ಲಾಸ್ಟಿಕ್ ಹಾಳೆಗಳನ್ನು ತೆಗೆಸಬೇಕು. ಹಗಲಿನ ಬೆಳಕೇ ಬೇಕು. ಸಂಜೆಯ ಶೋರೂಂ ದೀಪಗಳಲ್ಲಿ ಎಲ್ಲ ಕಾರೂ ಸುಂದರ.

ನೇರವಾಗಿ ನೋಡಿದರೆ ಬಣ್ಣ ಮಾತ್ರ ಕಾಣುತ್ತದೆ; ಬಗ್ಗಿ ಓರೆಯಾಗಿ ನೋಡಿದರೆ ಮೇಲ್ಮೈ ಕಾಣುತ್ತದೆ. ಬಾಗಿಲಿನ ಮೇಲೆ ಟ್ಯೂಬ್‌ಲೈಟಿನದೋ ಗೋಡೆಯ ಅಂಚಿನದೋ ಬಿಂಬ ಬೀಳುವಂತೆ ನಿಂತು, ನಿಧಾನವಾಗಿ ಪಕ್ಕಕ್ಕೆ ಸರಿಯಬೇಕು. ಮೇಲ್ಮೈ ನಯವಾಗಿದ್ದರೆ ಬಿಂಬ ಗೆರೆ ಎಳೆದಂತೆ ಸಾಗುತ್ತದೆ. ತಗ್ಗೋ ಉಬ್ಬೋ ಇದ್ದಲ್ಲಿ ನಡುಗುತ್ತದೆ. ಇದು ಪಠ್ಯಪುಸ್ತಕದ ನಿಯತ ಪ್ರತಿಫಲನವೇ. ಬಾನೆಟ್ಟಿನಿಂದ ಶುರುಮಾಡಿ, ಎಡಬದಿ, ಡಿಕ್ಕಿ, ಬಲಬದಿ ಎಂದು ಒಂದು ಸುತ್ತು ಬಂದು, ಕೊನೆಗೆ ಛಾವಣಿ ನೋಡಿದರೆ ಯಾವುದೂ ಬಿಟ್ಟುಹೋಗದು. ಮನೆಯ ವಿದ್ಯಾರ್ಥಿಯೊಬ್ಬ ಕಾರಿನ ನಾಲ್ಕು ಬದಿಯ ರೇಖಾಚಿತ್ರ ಬರೆದುಕೊಂಡು, ಕುಂದು ಕಂಡಲ್ಲಿ ಗುರುತು ಹಾಕುತ್ತ, ಫೋಟೋ ತೆಗೆಯುತ್ತ ಹೋಗಬಹುದು. ಎಳೆಯ ಕಣ್ಣಿಗೆ ಕಾಣುವ ಎಷ್ಟೋ ಸಂಗತಿ ನಲವತ್ತು ದಾಟಿದ ಕಣ್ಣಿಗೆ ಕಾಣುವುದಿಲ್ಲ.

ಬಣ್ಣದ ದಪ್ಪ ಅಳೆಯುವ ಅಂಗೈಯಗಲದ ಉಪಕರಣವೂ ಇದೆ. ಉಕ್ಕಿನ ಮೇಲೆ ಕಾಂತೀಯ ಪ್ರೇರಣೆಯಿಂದ, ಅಲ್ಯೂಮಿನಿಯಮ್ಮಿನ ಮೇಲೆ ಸುಳಿ ವಿದ್ಯುತ್ತಿನಿಂದ ಅದು ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಈ ಬಗೆಯದು ನಡೆಯದು. ಉಳಿದ ಕಡೆಯೆಲ್ಲ 110, 120 ಮೈಕ್ರಾನ್ ತೋರಿ, ಒಂದು ಬಾಗಿಲಿನಲ್ಲಿ ಮಾತ್ರ 250 ತೋರಿದರೆ ಅಲ್ಲಿ ಮತ್ತೊಮ್ಮೆ ಬಣ್ಣ ಬಿದ್ದಿರುವ ಸಂಭವವಿದೆ. ಆದರೆ ಕಾರ್ಖಾನೆಯೊಳಗೇ ಒಂದು ಭಾಗಕ್ಕೆ ಎರಡನೆಯ ಸಲ ಬಣ್ಣ ಹೊಡೆದು ಸುಟ್ಟಿರಲೂ ಬಹುದು. ಉಪಕರಣ ಪ್ರಶ್ನೆಯನ್ನು ಎತ್ತುತ್ತದೆ, ತೀರ್ಪು ಕೊಡುವುದಿಲ್ಲ.

ಕೇಳುವುದು ಕಾಗದದ ಮೇಲೆ

ಇನ್ನು ಕಣ್ಣಿಗೆ ಕಾಣದ್ದು. ‘ಈ ಚಾಸಿ ನಂಬರಿನ ಕಾರಿಗೆ ಕಾರ್ಖಾನೆ ಬಿಟ್ಟ ಮೇಲೆ ಬಣ್ಣದ ಕೆಲಸವನ್ನಾಗಲೀ ಬೇರೆ ರಿಪೇರಿಯನ್ನಾಗಲೀ ಮಾಡಲಾಗಿದೆಯೇ?’ ಎಂಬ ಒಂದೇ ಪ್ರಶ್ನೆಯನ್ನು ಮಾರಾಟಗಾರನಿಗೆ ಪತ್ರದಲ್ಲೋ ಇ-ಮೇಲಿನಲ್ಲೋ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು. ಬಾಯಿಮಾತಿನ ‘ಏನೂ ಇಲ್ಲ ಸಾರ್’ ಗಾಳಿಯಲ್ಲಿ ಹೋಗುತ್ತದೆ. ಬರೆದುಕೊಟ್ಟ ‘ಇಲ್ಲ’ ಉಳಿಯುತ್ತದೆ.

ನಮ್ಮ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗದಲ್ಲಿ 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಹಳೆಯ, ಬಳಸಿದ ಅಥವಾ ಸರಿಪಡಿಸಿ ನವೀಕರಿಸಿದ ವಸ್ತುವನ್ನು ಹೊಸದೆಂದು ಸುಳ್ಳು ಹೇಳುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ದೂರುದಾರ ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಸಲಹೆಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಆದರೆ ಆಯೋಗದ ಮುಂದೆ ನಿಂತಾಗ ಕೇಳುವ ಮೊದಲ ಮಾತು ‘ಸಾಕ್ಷಿ ಏನು?’ ಎಂಬುದು. ‘ಕಾರನ್ನು ಉತ್ತಮ ಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂಬ ಅಚ್ಚಾದ ಸಾಲಿನ ಕೆಳಗೆ ಓದದೆ ಸಹಿ ಹಾಕಿದವರು ಎದುರು ಪಕ್ಷದ ಸಾಕ್ಷಿಯನ್ನು ತಾವೇ ಬರೆದುಕೊಟ್ಟಂತೆ. ಕುಂದು ಇದ್ದರೆ ಅದೇ ಕಾಗದದಲ್ಲಿ ಅದನ್ನು ಬರೆದು, ಅದರ ಕೆಳಗೆ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಬೇಕು.

ಸಣ್ಣ ಕುಂದಿಗೆ ಯಾವ ಮದ್ದು?

ಕುಂದು ಸಿಕ್ಕಿತೆಂದು ಇಟ್ಟುಕೊಳ್ಳಿ. ‘ಅದಕ್ಕೇನು ಸಾರ್, ಪೂರ್ತಿ ಬಾಗಿಲಿಗೇ ಬಣ್ಣ ಹೊಡೆಸಿಕೊಡುತ್ತೇವೆ’ ಎಂದು ಮಾರಾಟಗಾರ ಉದಾರವಾಗಿ ಹೇಳಬಹುದು. ಇಲ್ಲಿ ತಡೆದು ಯೋಚಿಸಬೇಕು. ಧೂಳಿನ ಗುಳ್ಳೆ, ಮೇಲುಮೇಲಿನ ಗೀರುಗಳಂಥವು ನುರಿತ ಕೈಯ ಪಾಲಿಶಿನಲ್ಲೇ ಹೋಗುತ್ತವೆ. ಕ್ಲಿಯರ್ ಕೋಟಿನ 40, 50 ಮೈಕ್ರಾನಿನಲ್ಲಿ ಒಂದೆರಡು ಮೈಕ್ರಾನ್ ಸವೆದರೆ ಹಾನಿಯಿಲ್ಲ. ಅದರ ಬದಲು ಬಾಗಿಲನ್ನೇ ಉಜ್ಜಿ ಮತ್ತೆ ಬಣ್ಣ ಹೊಡೆಸಿದರೆ, ಒಲೆಯಲ್ಲಿ ಸುಟ್ಟ ಬಣ್ಣ ಹೋಗಿ ವರ್ಕ್‌ಷಾಪಿನ ಬಣ್ಣ ಬರುತ್ತದೆ. ಮುಂದೊಂದು ದಿನ ಕಾರನ್ನು ಮಾರುವಾಗ ಕೊಳ್ಳುವವನ ಉಪಕರಣ ಆ ಬಾಗಿಲಿನಲ್ಲಿ 250 ತೋರಿಸಿ, ‘ಅಪಘಾತವಾಗಿತ್ತೇ?’ ಎಂಬ ಪ್ರಶ್ನೆ ಎದ್ದರೆ ಮಾಲೀಕನೇ ಉತ್ತರ ಹೇಳಬೇಕು.

ಪಾಲಿಶಿನಲ್ಲಿ ಹೋಗುವ ಕುಂದಿಗೆ ಪಾಲಿಶ್ ಸಾಕು. ಹೋಗದ ಕುಂದಾದರೆ, ರಿಪೇರಿಯ ಕುರುಹಾದರೆ, ನೋಂದಣಿಗೆ ಮೊದಲೇ ಬೇರೆ ಕಾರು ಕೇಳುವುದು ಸರಿಯಾದ ದಾರಿ. ಅದಕ್ಕಾಗಿ ಎರಡು ವಾರ ಕಾಯಬೇಕಾಗಬಹುದು, ಗೊತ್ತುಮಾಡಿದ ಮುಹೂರ್ತ ತಪ್ಪಬಹುದು, ಮಕ್ಕಳ ಮುಖ ಬಾಡಬಹುದು. ಆದರೆ ಐದೋ ಏಳೋ ವರ್ಷ ಸಾಲದ ಕಂತು ಕಟ್ಟುವ ಕುಟುಂಬಕ್ಕೆ ಎರಡು ವಾರ ದೊಡ್ಡದಲ್ಲ.