ಅರಸೀಕೆರೆ ಜಂಕ್ಷನ್ ಬಲ್ಲವರಿಗೆ ಲಂಡನ್ ರೈಲೇನು ಕಷ್ಟ?

ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಿಂದಲೂ ಈಗ ಎಷ್ಟೋ ತಾಯಂದಿರು ಮಗಳ ಬಾಣಂತನಕ್ಕೆಂದು ಪರದೇಶಕ್ಕೆ ಹೋಗಿಬರುತ್ತಾರೆ. ಮೆಂತ್ಯದ ಹಿಟ್ಟು, ಅಂಟಿನುಂಡೆ ಕಟ್ಟಿಕೊಂಡು ವಿಮಾನ ಹತ್ತಿದವರು ತಿಂಗಳುಗಟ್ಟಲೆ ಇದ್ದು ಬಂದಾಗ "ಏನೇನು ನೋಡಿದಿರಿ?" ಅಂತ ಕೇಳಿ ನೋಡಿ. "ಏನ್ ನೋಡೋದು ಕಣ್ರೀ, ಅಳಿಯಂದಿರಿಗೆ ರಜ ಇದ್ದಾಗ ಎರಡು ಸಾರಿ ಕರಕೊಂಡು ಹೋದ್ರು. ಮಿಕ್ಕ ದಿನವೆಲ್ಲ ಕಿಟಕಿ ಮುಂದೆ" ಅನ್ನುತ್ತಾರೆ. ಒಬ್ಬರೇ ಯಾಕೆ ಹೋಗಲಿಲ್ಲ ಅಂದರೆ, "ಅಯ್ಯೋ, ಆ ನೆಲದಡಿ ರೈಲು ನಮಗೆಲ್ಲಿ ತಿಳಿಯತ್ತೆ!"

ತಿಳಿಯುತ್ತೆ ಸೋದರಿಯರೇ. ಅಮ್ಮನಿಗೆ ಮಂಡಿನೋವೆಂದು ತಂಗಿಯ ಬಾಣಂತನಕ್ಕೆ ನಾನೇ ಲಂಡನ್ನಿಗೆ ಹೋಗಿದ್ದೆ. ಮಗುವಿನ ನೀರು ಮುಗಿದು, ತಾಯಿ ಮಗು ಇಬ್ಬರೂ ಮಲಗಿದರೆ ಮೂರು ಗಂಟೆ ಬಿಡುವು. ಮೊದಲ ಸಾರಿ ತಂಗಿಯ ಗಂಡನ ಜೊತೆ ಹೋದೆ. ಎರಡನೇ ಸಾರಿಯಿಂದ ಒಬ್ಬಳೇ.

ಅರಸೀಕೆರೆ ಸ್ಟೇಷನ್ನಿನಲ್ಲಿ ನಾವು ಏನು ಮಾಡುತ್ತೇವೆ? ಗಾಡಿ ತಿಪಟೂರಿನ ಕಡೆಗೋ, ಬೀರೂರಿನ ಕಡೆಗೋ, ಇಲ್ಲಾ ಹಾಸನದ ಕಡೆಗೋ ಎಂದು ನೋಡಿಕೊಂಡು ಹತ್ತುತ್ತೇವೆ. ಬೆಂಗಳೂರಿನಿಂದ ಬಂದು ಹಾಸನದ ಕಡೆ ಹೋಗಬೇಕಾದರೆ ಇಳಿದು ಬದಲಾಯಿಸುತ್ತೇವೆ. ಲಂಡನ್ನಿನಲ್ಲಿ ಮಾಡಬೇಕಾದ್ದೂ ಇಷ್ಟೇ. ಅಲ್ಲಿ 11 ಲೈನು, 272 ನಿಲ್ದಾಣ ಇವೆ ನಿಜ. ಆದರೆ ನಿಮಗೆ ಬೇಕಾದ್ದು ಒಂದೋ ಎರಡೋ ಲೈನು ತಾನೆ? ಒಂದೊಂದು ಲೈನಿಗೂ ಒಂದೊಂದು ಹೆಸರು, ಒಂದೊಂದು ಬಣ್ಣ. ಲೈನಿನ ಬಣ್ಣ, ಗಾಡಿಯ ಕೊನೆಯ ನಿಲ್ದಾಣ, ನೀವು ಇಳಿಯುವ ನಿಲ್ದಾಣ, ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡರೆ ಮುಗಿಯಿತು.

ಒಂದು ಉದಾಹರಣೆ ಹೇಳುತ್ತೇನೆ. ತಂಗಿಯ ಮನೆ ಹೌನ್ಸ್ಲೋದಲ್ಲಿ. ಅಲ್ಲಿಗೆ ಬರುವುದು ಪಿಕಡಿಲಿ ಲೈನು, ಕಡುನೀಲಿ ಬಣ್ಣ. ಪೂರ್ವಕ್ಕೆ ಹೋಗುವ ಪ್ಲಾಟ್‌ಫಾರಂನಲ್ಲಿ 'ಕಾಕ್‌ಫಾಸ್ಟರ್ಸ್' ಎಂದು ಬರೆದ ಗಾಡಿ ಹತ್ತಿ 'ಗ್ರೀನ್ ಪಾರ್ಕ್'ನಲ್ಲಿ ಇಳಿಯಬೇಕು. ಅದೇ ನಮ್ಮ ಜಂಕ್ಷನ್ ಅನ್ನಿ. ತಿಳಿನೀಲಿ ಬಣ್ಣದ ಬೋರ್ಡು ಹಿಡಿದು ನಡೆದರೆ ವಿಕ್ಟೋರಿಯಾ ಲೈನು ಸಿಗುತ್ತದೆ. 'ಬ್ರಿಕ್ಸ್‌ಟನ್' ಕಡೆಯ ಗಾಡಿ ಹತ್ತಿದರೆ ಮೂರನೆಯದು ವಾಕ್ಸ್‌ಹಾಲ್. ಮೇಲೆ ಬಂದು ಥೇಮ್ಸ್ ನದಿಯ ದಂಡೆ ಹಿಡಿದು ಲ್ಯಾಂಬೆತ್ ಕಡೆಗೆ ನಡೆದರೆ ಯಾರು ಸಿಗುತ್ತಾರೆ ಗೊತ್ತೇ? ನಮ್ಮ ಬಸವಣ್ಣನವರು! 2015ರ ನವೆಂಬರಿನಲ್ಲಿ ಅಲ್ಲಿ ಅವರ ಪ್ರತಿಮೆ ಅನಾವರಣವಾಯಿತು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು. ಬಸವಣ್ಣನವರೂ ಅದೇ ಶತಮಾನದವರು. ಅಷ್ಟು ದೂರದಲ್ಲಿ ಅವರ ಎದುರು ಒಬ್ಬಳೇ ನಿಂತಾಗ ಕೈ ತಾನಾಗಿ ಜೋಡಿಸಿಕೊಂಡಿತು.

ಇನ್ನು ಕೆಲವು ಉಪಯೋಗದ ಮಾತುಗಳು:

ಟಿಕೆಟ್ಟಿಗೆ ಬದಲು ಆಯ್ಸ್ಟರ್ ಎಂಬ ಕಾರ್ಡು ಸಿಗುತ್ತದೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಗೇಟಿನ ಹಳದಿ ಗುಂಡಿನ ಮೇಲೆ ಮುಟ್ಟಿಸಬೇಕು. ಮರೆತರೆ ಹೆಚ್ಚು ದುಡ್ಡು ಹೋಗುತ್ತದೆ. ಒಬ್ಬರಿಗೆ ಒಂದೇ ಕಾರ್ಡು, ಇಬ್ಬರು ಹಂಚಿಕೊಳ್ಳುವಂತಿಲ್ಲ. 11 ವರ್ಷದೊಳಗಿನ ಮೊಮ್ಮಕ್ಕಳು ಜೊತೆಗಿದ್ದರೆ ಅವರಿಗೆ ಟಿಕೆಟ್ಟಿಲ್ಲ.

ಕೆಲಸದ ದಿನ ಬೆಳಿಗ್ಗೆ ಒಂಬತ್ತೂವರೆಯ ನಂತರ ಹೊರಡಿ, ಸಂಜೆ ನಾಲ್ಕರೊಳಗೆ ತಿರುಗಿ ಬನ್ನಿ. ನೂಕುನುಗ್ಗಲೂ ಕಡಿಮೆ, ಖರ್ಚೂ ಕಡಿಮೆ.

ಓಡುವ ಮೆಟ್ಟಿಲಿನ ಮೇಲೆ ಬಲಗಡೆ ನಿಲ್ಲಬೇಕು, ಎಡಗಡೆ ಅವಸರದವರಿಗೆ. ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ತುಸು ಮೇಲೆತ್ತಿ ಹಿಡಿಯಿರಿ, ಇನ್ನೊಂದು ಕೈ ಕಂಬಿಯ ಮೇಲಿರಲಿ. ಎಲ್ಲ ನಿಲ್ದಾಣದಲ್ಲೂ ಲಿಫ್ಟಿಲ್ಲ, ಶೌಚಾಲಯವೂ ಇಲ್ಲ. ಮಂಡಿನೋವಿನವರು ಲಿಫ್ಟಿರುವ ನಿಲ್ದಾಣ ಯಾವುದೆಂದು ಮಕ್ಕಳಿಂದ ಮೊದಲೇ ವಿಚಾರಿಸಿಕೊಳ್ಳಿ.

ಇಳಿಯುವ ನಿಲ್ದಾಣ ದಾಟಿ ಹೋದರೆ ಗಾಬರಿ ಬೇಡ. ಮುಂದಿನದರಲ್ಲಿ ಇಳಿದು, ಗೇಟಿನಿಂದ ಹೊರಗೆ ಬರದೆ, ಎದುರು ದಿಕ್ಕಿನ ಗಾಡಿ ಹತ್ತಿ. ನಮ್ಮಲ್ಲಿಯಂತೆ ಗಂಟೆಗಟ್ಟಲೆ ಕಾಯಬೇಕಾಗಿಲ್ಲ, ಕೆಲವೇ ನಿಮಿಷದಲ್ಲಿ ಇನ್ನೊಂದು ಬರುತ್ತದೆ. ಸುರಂಗದೊಳಗೆ ಫೋನನ್ನೇ ನಂಬಿಕೊಳ್ಳಬೇಡಿ, ಮನೆಯ ವಿಳಾಸವನ್ನೂ ಚೀಟಿಯಲ್ಲೇ ಬರೆದಿಟ್ಟುಕೊಳ್ಳಿ.

ಧೈರ್ಯ ಸಾಲದೆಂದರೆ ಮೊದಲು ಬೆಂಗಳೂರಿನಲ್ಲೇ ಅಭ್ಯಾಸ ಮಾಡಬಹುದು. ನಮ್ಮ ಮೆಟ್ರೋ 2011ರಿಂದ ಓಡುತ್ತಿದೆ. ಅರಸೀಕೆರೆಯಿಂದ ಯಶವಂತಪುರಕ್ಕೆ ಹೋಗಿ ಇಳಿದು, ಹಸಿರು ಲೈನಿನಲ್ಲಿ ಮೆಜೆಸ್ಟಿಕ್ಕಿಗೆ ಬಂದು, ಅಲ್ಲಿ ನೇರಳೆ ಲೈನಿಗೆ ಬದಲಾಯಿಸಿ ಕಬ್ಬನ್ ಪಾರ್ಕಿಗೆ ಹೋಗಿ ಬನ್ನಿ. ಮೆಜೆಸ್ಟಿಕ್ಕಿನಿಂದ ಕಬ್ಬನ್ ಪಾರ್ಕಿನವರೆಗೆ ಅದೂ ನೆಲದಡಿಯೇ ಹೋಗುತ್ತದೆ.

ಮಗಳ ಮನೆಗೆ ಹೋದ ಮೊದಲ ವಾರವೇ ಹೇಳಿಬಿಡಿ: "ನನಗೂ ಒಂದು ಕಾರ್ಡು ಮಾಡಿಸು ಕಣೇ, ಒಂದು ಸಾರಿ ಜೊತೆಗೆ ಬಂದು ದಾರಿ ತೋರಿಸು." ನಾವು ಹೋಗುವುದು ಮಗಳ ಸೇವೆಗೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನಕ್ಕೆ ಮೂರು ಗಂಟೆ ಹೊರಗಿನ ಗಾಳಿ ಕುಡಿದು ಬಂದ ಅಮ್ಮನ ಕೈಯ ಸಾರಿನ ರುಚಿಯೇ ಬೇರೆ. ಹೀಗೆಂದವಳು ನನ್ನ ತಂಗಿ, ನಾನಲ್ಲ!