ಬೀಗ ಒಡೆದವರಾರು, ಹೇಳುವವರಾರು?

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಲ್ಲಿರುವ ನಿವೃತ್ತ ಶಿಕ್ಷಕರೊಬ್ಬರು ಪತ್ನಿಯೊಡನೆ ಲಂಡನ್ನಿನ ಮಗಳ ಮನೆಗೆ ಮೊದಲ ಬಾರಿ ಹೊರಟಿದ್ದರು. ಎರಡು ದೊಡ್ಡ ಸೂಟ್‌ಕೇಸುಗಳಿಗೆ ಬೀಗ ಜಡಿದು, ಮೇಲೆ ಹಗ್ಗವನ್ನೂ ಬಿಗಿದಿದ್ದರು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸಾಮಾನು ಒಪ್ಪಿಸಿದ ಸ್ವಲ್ಪ ಹೊತ್ತಿಗೆ ಅವರಿಗೆ ಕರೆ ಬಂತು. ಒಂದು ಪೆಟ್ಟಿಗೆಯಲ್ಲಿ ಒಣಕೊಬ್ಬರಿ ಕಂಡಿತ್ತು. ಅವರ ಕೈಯಿಂದಲೇ ಬೀಗ ತೆಗೆಸಿ, ಕೊಬ್ಬರಿಯನ್ನು ಹೊರಗಿರಿಸಿ, ಮತ್ತೆ ಬೀಗ ಹಾಕಿಸಿ ಕಳುಹಿಸಿದರು. ನಡುವೆ ಇನ್ನೊಂದು ದೇಶದಲ್ಲಿ ವಿಮಾನ ಬದಲಿಸಿ ಲಂಡನ್ ತಲುಪಿದಾಗ ಅದೇ ಪೆಟ್ಟಿಗೆಯ ಬೀಗ ಮುರಿದಿತ್ತು. ಮೊಮ್ಮಗಳಿಗೆಂದು ಇಟ್ಟಿದ್ದ ಬೆಳ್ಳಿಯ ಕಾಲ್ಗೆಜ್ಜೆ ಇರಲಿಲ್ಲ. ವಿಮಾನ ಸಂಸ್ಥೆಯವರು ತಪಾಸಣೆಯವರತ್ತ ಬೆರಳು ತೋರಿದರು. ಯಾವ ತಪಾಸಣೆ, ಯಾವ ಊರಿನಲ್ಲಿ ಎಂದು ಕೇಳಿದರೆ ಉತ್ತರವಿರಲಿಲ್ಲ.

ಬೆಳ್ಳಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕಿತ್ತು ಎಂದು ಬುದ್ಧಿ ಹೇಳುವುದು ಸುಲಭ. ಆದರೆ ಒಂದೇ ಪಯಣದಲ್ಲಿ ಒಂದೇ ಪೆಟ್ಟಿಗೆಯನ್ನು ಎರಡು ಬಾರಿ ತೆರೆದ ಎರಡು ರೀತಿಗಳು ಇಲ್ಲಿ ವಿಚಾರಾರ್ಹವಾಗಿವೆ. ಮೊದಲನೆಯದಕ್ಕೆ ಒಡೆಯನೇ ಸಾಕ್ಷಿಯಾಗಿದ್ದ. ಎರಡನೆಯದಕ್ಕೆ ಸಾಕ್ಷಿಯೂ ಇಲ್ಲ, ದಾಖಲೆಯೂ ಇಲ್ಲ.

ಪ್ರಯಾಣಿಕರ ಸಾಮಾನನ್ನು ತಪಾಸಣೆ ಮಾಡುವ ಅಧಿಕಾರವನ್ನು ಯಾರೂ ಪ್ರಶ್ನಿಸಲಾಗದು. ಅದರ ಹಿಂದೆ ಭೀಕರ ಇತಿಹಾಸವಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಐರ್ಲೆಂಡಿನ ಬಳಿ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಮಂದಿ ಸತ್ತರು. ಬಾಂಬ್ ಇದ್ದ ಪೆಟ್ಟಿಗೆಯನ್ನು ವ್ಯಾಂಕೂವರ್‌ನಲ್ಲಿ ಒಪ್ಪಿಸಿದ್ದ ವ್ಯಕ್ತಿ ವಿಮಾನವನ್ನೇ ಏರಿರಲಿಲ್ಲ. ಟೊರಾಂಟೊದಲ್ಲಿ ಅಂದು ಎಕ್ಸ್-ರೇ ಯಂತ್ರ ಕೆಟ್ಟಿತ್ತು. ಮೂರು ವರ್ಷಗಳ ಬಳಿಕ, 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿಯಲ್ಲಿ ಇದೇ ಬಗೆಯ ಕೃತ್ಯ 270 ಜನರನ್ನು ಬಲಿ ತೆಗೆದುಕೊಂಡಿತು. ಒಡೆಯನಿಲ್ಲದ ಪೆಟ್ಟಿಗೆ ವಿಮಾನ ಏರಬಾರದು, ಪ್ರತಿಯೊಂದು ಪೆಟ್ಟಿಗೆಯೂ ಯಂತ್ರದ ಕಣ್ಣಿಗೆ ಬೀಳಬೇಕು ಎಂಬ ನಿಯಮಗಳು ಬಿಗಿಯಾದದ್ದು ಈ ಸಾವುಗಳಿಂದ. ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ 1987ರಲ್ಲಿ ಸ್ವತಂತ್ರ ಇಲಾಖೆಯಾದದ್ದೂ ಕನಿಷ್ಕ ದುರಂತದ ತರುವಾಯವೇ.

ಕೊಬ್ಬರಿಯ ಮೇಲಿನ ನಿರ್ಬಂಧವೂ ಅಧಿಕಾರಿಗಳ ಹುಚ್ಚಾಟವಲ್ಲ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯೇ ಇದೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಿಂದ ಹೆಸರಾದ ತುಮಕೂರು ಜಿಲ್ಲೆಯವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ನಿಯಮ ನಿಯಮವೇ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನೂ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಇಂಥವು ಕಂಡಾಗ ಪೆಟ್ಟಿಗೆ ತೆರೆಯಲೇಬೇಕಾಗುತ್ತದೆ.

ಹಾಗಾದರೆ ಬೀಗದ ಗತಿಯೇನು? ಅಮೆರಿಕವು 2001ರ ದಾಳಿಯ ನಂತರ ಸಾರಿಗೆ ಭದ್ರತಾ ಆಡಳಿತವನ್ನು, ಅಂದರೆ ಟಿಎಸ್ಎಯನ್ನು ಸ್ಥಾಪಿಸಿತು. ತಪಾಸಣೆಯವರು ಒಡೆಯದೆ ತೆರೆಯಲು ಅನುಕೂಲವಾಗುವಂತೆ, ಅವರ ಬಳಿಯಿರುವ ಸಾಮಾನ್ಯ ಕೀಲಿಗೆ ಒಗ್ಗುವ ಬೀಗಗಳು ಮಾರುಕಟ್ಟೆಗೆ ಬಂದವು. ಇಂದು ನಮ್ಮ ಅಂಗಡಿಗಳಲ್ಲೂ ಅವು ಧಾರಾಳವಾಗಿ ಸಿಗುತ್ತವೆ. ಆದರೆ ಆ ಕೀಲಿಗಳ ಚಿತ್ರವು 2014ರಲ್ಲಿ ಅಲ್ಲಿನ ಪ್ರಮುಖ ಪತ್ರಿಕೆಯೊಂದರ ಮೂಲಕವೇ ಬಹಿರಂಗವಾಯಿತು. 2015ರಲ್ಲಿ ಮೂರು ಆಯಾಮದ ಮುದ್ರಣ ಯಂತ್ರದಲ್ಲಿ ಅವನ್ನು ತಯಾರಿಸುವ ವಿನ್ಯಾಸಗಳು ಅಂತರ್ಜಾಲದಲ್ಲಿ ಹರಿದಾಡಿದವು. ಹೀಗಾಗಿ ಈ ಬೀಗವು ಜಿಪ್ ತಾನಾಗಿ ಬಿಚ್ಚಿಕೊಳ್ಳದಂತೆ ತಡೆದೀತೇ ಹೊರತು ಕಳ್ಳನನ್ನು ತಡೆಯುತ್ತದೆಂದು ನಂಬುವಂತಿಲ್ಲ.

ಬೀಗ ನಿಷ್ಪ್ರಯೋಜಕವಾಗುವ ಇನ್ನೊಂದು ಬಗೆಯೂ ಇದೆ. 2023ರ ಮಾರ್ಚ್‌ನಲ್ಲಿ ಬ್ರೆಜಿಲ್ಲಿನ ಇಬ್ಬರು ಮಹಿಳೆಯರು ಪ್ರವಾಸಕ್ಕೆಂದು ಹೋಗಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಬಂಧನಕ್ಕೊಳಗಾದರು. ಅವರ ಹೆಸರಿನ ಚೀಟಿಯಿದ್ದ ಪೆಟ್ಟಿಗೆಗಳಲ್ಲಿ ಸುಮಾರು 40 ಕಿಲೊ ಕೊಕೇನ್ ಇತ್ತು. ವಾಸ್ತವದಲ್ಲಿ ಸಾವೊ ಪಾಲೊ ವಿಮಾನ ನಿಲ್ದಾಣದೊಳಗೇ ಅವರ ಪೆಟ್ಟಿಗೆಗಳ ಚೀಟಿಗಳನ್ನು ಕಿತ್ತು ಬೇರೆ ಪೆಟ್ಟಿಗೆಗಳಿಗೆ ಅಂಟಿಸಲಾಗಿತ್ತು. ನಿರಪರಾಧಿಗಳು 38 ದಿನ ಸೆರೆಯಲ್ಲಿದ್ದರು. ಅವರನ್ನು ಬಿಡಿಸಲು ನೆರವಾದದ್ದು ನಿಲ್ದಾಣದ ಕ್ಯಾಮೆರಾಗಳಲ್ಲಿ ಉಳಿದಿದ್ದ ದೃಶ್ಯಗಳು.

ಈ ಪ್ರಕರಣದ ಪಾಠ ಸ್ಪಷ್ಟವಾಗಿದೆ. ಒಮ್ಮೆ ಕೈಬಿಟ್ಟ ಪೆಟ್ಟಿಗೆಗೆ ನಿಜವಾದ ರಕ್ಷಣೆ ದಾಖಲೆಯೇ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ 753ನೇ ನಿರ್ಣಯದಂತೆ 2018ರ ಜೂನ್‌ನಿಂದ ಸದಸ್ಯ ಸಂಸ್ಥೆಗಳು ಪ್ರತಿ ಪೆಟ್ಟಿಗೆಯ ಚಲನೆಯನ್ನು ನಾಲ್ಕು ಹಂತಗಳಲ್ಲಿ ದಾಖಲಿಸಬೇಕು: ಪಡೆದಾಗ, ವಿಮಾನಕ್ಕೆ ಏರಿಸಿದಾಗ, ಇನ್ನೊಂದು ವಿಮಾನಕ್ಕೆ ವರ್ಗಾಯಿಸಿದಾಗ ಮತ್ತು ಹಿಂದಿರುಗಿಸಿದಾಗ. ಪೆಟ್ಟಿಗೆ ಎಲ್ಲಿತ್ತೆಂಬುದು ಇದರಿಂದ ತಿಳಿಯುತ್ತದೆ. ತೆರೆದವರಾರೆಂಬುದು ತಿಳಿಯುವುದಿಲ್ಲ. ಅಮೆರಿಕದಲ್ಲಿ ಟಿಎಸ್ಎ ಸಿಬ್ಬಂದಿ ಪೆಟ್ಟಿಗೆ ತೆರೆದರೆ ಒಳಗೆ ಒಂದು ಮುದ್ರಿತ ಸೂಚನೆಯನ್ನು ಇಡುತ್ತಾರೆ. ಮುರಿದ ಬೀಗಕ್ಕೆ ತಾನು ಹೊಣೆಯಲ್ಲ ಎಂದು ಆ ಸೂಚನೆ ಹೇಳುತ್ತದಾದರೂ, ತೆರೆದವರು ಯಾರೆಂಬ ಸಂಶಯವನ್ನಾದರೂ ಅದು ನಿವಾರಿಸುತ್ತದೆ. ಎಲ್ಲ ದೇಶಗಳೂ ಈ ಕನಿಷ್ಠ ಸೌಜನ್ಯವನ್ನು ಪಾಲಿಸಬೇಕು. ತೆರೆದ ಸ್ಥಳ, ವೇಳೆ ಮತ್ತು ಇಲಾಖೆ ಪೆಟ್ಟಿಗೆಯ ಚೀಟಿಯ ಸಂಖ್ಯೆಯೊಡನೆ ದಾಖಲಾಗಿ, ದೂರು ಬಂದಾಗ ಒಡೆಯನಿಗೆ ಸಿಗಬೇಕು. ಭಾರತ ಈ ಬೇಡಿಕೆಯನ್ನು ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಮಂಡಿಸುವುದು ಉಚಿತ. ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ, ಪರಭಾಷೆಯಲ್ಲಿ ವಾದಿಸಲಾಗದ ವೃದ್ಧರು ನಮ್ಮಲ್ಲಿ ಅಸಂಖ್ಯರಿದ್ದಾರೆ.

ಅಲ್ಲಿಯವರೆಗೆ ಪ್ರಯಾಣಿಕರ ಕೈಯಲ್ಲಿರುವುದು ಕಾನೂನು ಮತ್ತು ಎಚ್ಚರ. ಭಾರತವು 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಒಪ್ಪಿಸಿದ ಸಾಮಾನು ತನ್ನ ವಶದಲ್ಲಿದ್ದಾಗ ಆದ ನಷ್ಟಕ್ಕೆ ವಿಮಾನ ಸಂಸ್ಥೆಯೇ ಹೊಣೆ. ಇದರ ಮಿತಿಯು 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮಿಗಿಲು. ದೇಶದೊಳಗಿನ ಪ್ರಯಾಣಕ್ಕಾದರೆ ಪ್ರಯಾಣಿಕರ ಸನ್ನದಿನಂತೆ 20,000 ರೂಪಾಯಿ ಮಾತ್ರ. ಹಾನಿಯ ದೂರನ್ನು ಸಾಮಾನು ಕೈಸೇರಿದ 7 ದಿನಗಳೊಳಗೆ ಲಿಖಿತವಾಗಿ ನೀಡಬೇಕು. ನಿಲ್ದಾಣ ಬಿಡುವ ಮುನ್ನವೇ ದೂರು ಬರೆಸುವುದು ಇನ್ನೂ ಕ್ಷೇಮ. ಬಿಗಿಯುವ ಮುನ್ನ ಪೆಟ್ಟಿಗೆಯ ಒಳಗನ್ನೂ, ಒಪ್ಪಿಸುವಾಗ ಚೀಟಿಯೊಡನೆ ಹೊರಗನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ತೂಕ ನಮೂದಿಸಿದ ರಸೀದಿಯನ್ನು ಜೋಪಾನ ಮಾಡಬೇಕು. ಒಡವೆ, ಹಣ, ಔಷಧಿ, ಕಾಗದಪತ್ರಗಳು ಕೈಚೀಲದಲ್ಲೇ ಇರಬೇಕು.

ಹೊಳವನಹಳ್ಳಿಯ ದಂಪತಿ ಇವಾವುದನ್ನೂ ಅರಿಯರು. ಏಳು ದಿನಗಳ ಗಡುವು ಕಳೆದ ಮೇಲೆ ಅವರ ಮಗಳು ದೂರು ಬರೆದಳು. ಗೆಜ್ಜೆಯ ಬೆಲೆ ದೊಡ್ಡದೇನಲ್ಲ, ಅದನ್ನು ಅವರು ಮರೆತಿದ್ದಾರೆ. ಆದರೆ ಮುರಿದ ಬೀಗವನ್ನು ಮೇಷ್ಟ್ರು ಊರಿಗೆ ಹಿಂದೆ ತಂದು ಮೇಜಿನ ಮೇಲಿಟ್ಟುಕೊಂಡಿದ್ದಾರೆ. ದೇವನಹಳ್ಳಿಯಲ್ಲಿ ತಮ್ಮನ್ನು ಕರೆದು ತೆರೆಸಿದರಲ್ಲ, ಉಳಿದವರಿಗೆ ಒಂದು ಚೀಟಿ ಬರೆದಿಡಲು ಏನು ಕಷ್ಟವಿತ್ತು ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ಪೆಟ್ಟಿಗೆ ತೆರೆಯುವ ಅಧಿಕಾರ ಪಡೆದವರು.