ಹದಿನೈದು ಸಾವಿರ ಡಾಲರಿನ ಕ್ಯಾಪ್ಟನ್

ಕಳೆದ ಭಾನುವಾರ ನಮ್ಮ ಸಂಘದ ವಾಚನಾಲಯದಲ್ಲಿ ಹುಡುಗನೊಬ್ಬ ಕೇಳಿದ: "ಅಂಕಲ್, ಇಂಗ್ಲಿಷ್ ಸೀರಿಯಲ್‌ಗಳಲ್ಲಿ ನ್ಯೂಯಾರ್ಕ್ ಪೊಲೀಸರು ಸಾರ್ಜೆಂಟ್ ಪರೀಕ್ಷೆ ಅಂತ ಒದ್ದಾಡ್ತಿರ್ತಾರಲ್ಲ, ಅಲ್ಲಿ ಪ್ರಮೋಷನ್ನಿಗೂ ಪರೀಕ್ಷೆನಾ?" ಹೌದಪ್ಪಾ, ಅವರೂ ನಿನ್ನ ಹಾಗೆಯೇ ಗೈಡು ಉರು ಹೊಡೆಯುತ್ತಾರೆ ಎಂದೆ. ನಕ್ಕುಬಿಟ್ಟ. ಅದರ ಹಿಂದಿನ ಕತೆ ಮಾತ್ರ ನಗುವಂಥದ್ದಲ್ಲ.

ನಮ್ಮ ಮುಂಬಯಿ ಪೊಲೀಸರು ಮಹಾರಾಷ್ಟ್ರ ಸರಕಾರದ ಅಧೀನ, ಮಹಾನಗರಪಾಲಿಕೆಯ ನೌಕರರಲ್ಲ. ಅಮೆರಿಕದಲ್ಲಿ ಹಾಗಲ್ಲ. ನಗರದ ಪೊಲೀಸರು ನಗರಾಡಳಿತದವರೇ. ಹಾಗಾಗಿ ನಗರದಲ್ಲಿ ಯಾವ ಪಕ್ಷದ ಕಾರುಬಾರೋ ಅದರ ಪುಢಾರಿಗಳ ಕೈ ಒಬ್ಬ ಪೇದೆಯ ಬಡ್ತಿಯವರೆಗೂ ಚಾಚುತ್ತಿತ್ತು. 1894ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಟ್ ನೇಮಿಸಿದ್ದ ಲೆಕ್ಸೋ ಸಮಿತಿಯ ಮುಂದೆ ತಿಮೊಥಿ ಕ್ರೀಡನ್ ಎಂಬ ಕ್ಯಾಪ್ಟನ್ ಸಾಕ್ಷಿ ನುಡಿದ: ಈ ಹುದ್ದೆಗಾಗಿ 15,000 ಡಾಲರ್ ತೆರಬೇಕಾಯಿತು! ಸಾರ್ಜೆಂಟನ ಸಂಬಳದಲ್ಲಿ ಅಷ್ಟು ಕೂಡಿಡಲು ಸಾಧ್ಯವೇ? ಆ ಕಾಲದಲ್ಲಿ ಹೀಗೆ ಕೊಂಡ ಹುದ್ದೆಗಳ ಸಾಲ ತೀರುತ್ತಿದ್ದುದು ಜೂಜುಕಟ್ಟೆ, ವೇಶ್ಯಾಗೃಹಗಳ ಮಾಮೂಲಿನಿಂದ. ಮಾಮೂಲು ನಮ್ಮಲ್ಲಿ ಮಾತ್ರ ಎಂದುಕೊಂಡವರು ಗಮನಿಸಬೇಕು.

ಅದೇ ವರ್ಷ ಮತದಾರರು ಒಪ್ಪಿದ ರಾಜ್ಯದ ಹೊಸ ಸಂವಿಧಾನದಲ್ಲಿ ಒಂದು ಮಾತು ಸೇರಿತು. ಸರಕಾರಿ ನೇಮಕವಾಗಲಿ ಬಡ್ತಿಯಾಗಲಿ ಅರ್ಹತೆಯ ಮೇಲೆ, ಸಾಧ್ಯವಾದಷ್ಟೂ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಆಗಬೇಕು. ಈಗ ನ್ಯೂಯಾರ್ಕ್ ನಗರದಲ್ಲಿ ಸಾರ್ಜೆಂಟ್, ಲೆಫ್ಟಿನೆಂಟ್, ಕ್ಯಾಪ್ಟನ್ ಈ ಮೂರು ಮೆಟ್ಟಿಲಿಗೂ ಪರೀಕ್ಷೆಯುಂಟು. ಅದಕ್ಕಿಂತ ಮೇಲಿನ ಹುದ್ದೆಗಳು ಕಮಿಷನರರ ಮರ್ಜಿಗೆ ಬಿಟ್ಟದ್ದು. ಪರೀಕ್ಷೆಯಲ್ಲಿ ಪಾಸಾದವರ ಪಟ್ಟಿಯಾಗುತ್ತದೆ. ಖಾಲಿ ಜಾಗಕ್ಕೆ ಪಟ್ಟಿಯ ತುದಿಯಲ್ಲಿರುವ ಮೂವರಲ್ಲಿ ಒಬ್ಬರನ್ನು ಆರಿಸಬೇಕು. ಮೂವರೇ ಏಕೆ? ಒಬ್ಬನೇ ಆದರೆ ಮೇಲಧಿಕಾರಿಯ ತಿಳಿವಳಿಕೆಗೆ ಕೆಲಸವಿಲ್ಲ. ಮೂವತ್ತಾದರೆ ಹಳೆಯ ಪುಢಾರಿ ಹಿಂಬಾಗಿಲಿನಿಂದ ಬಂದಾನು. ನನಗೇನೋ ಈ ಲೆಕ್ಕ ಸರಿ ಎನಿಸುತ್ತದೆ.

ಆದರೆ ಪರೀಕ್ಷೆ ಅಳೆಯುವುದು ಏನನ್ನು? ಕಲಮು, ನಿಯಮಗಳನ್ನು ಬಾಯಿಪಾಠ ಮಾಡಿದವನು ನಡುರಾತ್ರಿಯ ಜಗಳ ಬಿಡಿಸಬಲ್ಲನೇ? ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಹೋಯಿತು. ಅಲ್ಲಿನ ಸಾರ್ಜೆಂಟ್ ಬಡ್ತಿ ಪರೀಕ್ಷೆ ಕರಿಯ ಹಾಗೂ ಹಿಸ್ಪಾನಿಕ್ ಪೊಲೀಸರಿಗೆ ತಾರತಮ್ಯ ಮಾಡಿದೆ ಎಂದು 2022ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಲಂಚವನ್ನು ಓಡಿಸಲು ತಂದ ಪರೀಕ್ಷೆಯ ಮೇಲೆಯೇ ಈಗ ಆರೋಪ.

ಹುಡುಗನಿಗೆ ಇದೆಲ್ಲ ಹೇಳಿದೆ. ನ್ಯೂಯಾರ್ಕಿನ ಕಾಯಿದೆಯಲ್ಲಿ ಪಟ್ಟಿಗೂ ಆಯುಷ್ಯವುಂಟು, ಕನಿಷ್ಠ ಒಂದು ವರ್ಷ, ಹೆಚ್ಚೆಂದರೆ ನಾಲ್ಕು. ಅಷ್ಟರಲ್ಲಿ ಸರದಿ ಬಾರದವನು ಮತ್ತೆ ಗೈಡು ಹಿಡಿದು ಮೊದಲಿನಿಂದ ಕೂರಬೇಕು. ಈ ಸಲ ಅವನು ನಗಲಿಲ್ಲ. ಅವನ ಹೆಸರು ಕಳೆದ ವರ್ಷದಿಂದ ಬ್ಯಾಂಕೊಂದರ ವೇಟಿಂಗ್ ಲಿಸ್ಟಿನಲ್ಲಿದೆ.